ಗುಡ್ಡಪ್ಪನ ತೊಳೆಯದ ದನಿ

ಯಲ್ಲದಕೆರೆಯ ಕುರಿಗಾರ ಗುಡ್ಡಪ್ಪ ಯಾರನ್ನೂ ಸುಲಭಕ್ಕೆ ಕ್ಷಮಿಸುವವನಲ್ಲ. ಮೂವತ್ತು ವರ್ಷದ ಹಿಂದೆ ಬೇಕಂತಲೇ ಅವನ ಕಂಬಳಿ ತುಳಿದು ಹೋದವನ ಮನೆಯಲ್ಲಿ ಇವತ್ತಿಗೂ ನೀರು ಮುಟ್ಟುವುದಿಲ್ಲ. ಅಂಥವನ ದನಿಯನ್ನೇ ದೇವರು ಕಿತ್ತುಕೊಂಡನಲ್ಲ, ಅನ್ಯಾಯ ನೋಡಿ. ಬೈಯಲಿಕ್ಕಾದರೂ ಅದು ಬೇಕಿತ್ತು.

ಹಾಗಂತ ಅದೇನು ಹಾಡುವ ದನಿಯಲ್ಲ. ಬೀಡಿ ಸೇದಿ ಸೇದಿ ಒಡೆದು ಹೋಗಿತ್ತು. ಕುರಿ ಕರೆಯುವಾಗ ಮಾತ್ರ ಅದಕ್ಕೊಂದು ಕಳೆ ಬರುತ್ತಿತ್ತು. ಮೊದಲು ನಾಲಿಗೆ ಅದುರಿಸಿ "ಟ್ರ್ರ್ರ್" ಅನ್ನುವನು, ಆಮೇಲೆ ಎದೆಯಾಳದಿಂದ "ಹೋ... ಬಾ" ಎನ್ನುವನು. ಕುರಿಗಾರರಲ್ಲಿ ಒಬ್ಬೊಬ್ಬರದು ಒಂದೊಂದು ಕರೆ. ಎರಡು ಮಂದೆ ಬೆರೆತು ಹೋದರೆ ಇವರು ಜಗಳಕ್ಕೆ ನಿಲ್ಲುವುದಿಲ್ಲ. ಆಚೆಗೊಬ್ಬ ಈಚೆಗೊಬ್ಬ ನಿಂತು ಕರೆಯುತ್ತಾರೆ, ಕುರಿಗಳೇ ಬೇರೆಯಾಗುತ್ತವೆ. ನ್ಯಾಯಕ್ಕೆ ಬಂದರೂ ಅದೇ ಕೊನೆಯ ಮಾತು.

ಹೋದ ವರ್ಷ ಗುಡ್ಡಪ್ಪನ ಗಂಟಲಲ್ಲಿ ಗಡ್ಡೆ ಕಂಡಿತು. ಪ್ರಾಣ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಆಪರೇಷನ್ನಿಗೆ ಹೊರಡುವ ಹಿಂದಿನ ದಿನ ಮಗಳು ಯಶೋದಾ ಅವನನ್ನು ಅಂಗಳದ ಕಲ್ಲಿನ ಮೇಲೆ ಕೂರಿಸಿ, ಮೊಬೈಲಿನಲ್ಲಿ ರೆಕಾರ್ಡಿಂಗ್ ಆ್ಯಪ್ ತೆರೆದು ಬಾಯಿಯ ಹತ್ತಿರ ಹಿಡಿದಳು. ಅವಳು ಹಿರಿಯೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ.

"ಏನಾರ ಮಾತಾಡಪ್ಪ, ನಮಗಿರ್ಲಿ."

"ಏನ್ ಮಾತಾಡ್ಲವ್ವ?" ಎಂದ ಗುಡ್ಡಪ್ಪ. ಕೆಮ್ಮಿದ. ಆಮೇಲೆ ಮೂರು ಸಲ ಕುರಿ ಕರೆದ. ಹಟ್ಟಿಯೊಳಗಿದ್ದ ಅರವತ್ತು ಕುರಿ ಒಟ್ಟಿಗೆ ಎದ್ದು ನಿಂತವು. ಅವನ ಮನಸ್ಸು ಅವುಗಳ ಕಡೆಗೇ ಹೋಯಿತು.

"ನಾನು ಬರೋಗಂಟ ಕುರಿ ಮಾರುತೇಶನತ್ರ ಇರ್ಲಿ. ನಿಮ್ಮಮ್ಮನ ತಮ್ಮ ಅಂತಲ್ಲ, ನಾನೇ ಎತ್ತಿ ಆಡ್ಸಿ ಬೆಳೆಸ್ದೋನು. ನನ್ ದನಿ ಹೋದ್ರೂ ಅವನ ದನಿ ಐತಲ್ಲ, ನನಗದೇ ಸಾಕು."

ಮಾರುತೇಶ ಬಿ.ದುರ್ಗದಿಂದ ಬಂದು ಅರವತ್ತನ್ನೂ ಹೊಡೆದುಕೊಂಡು ಹೋದ. ಮೂರು ತಿಂಗಳ ಮೇಲೆ ಮೂವತ್ತೆಂಟನ್ನು ವಾಪಸು ತಂದ.

"ರೋಗ ಬಂತು ಭಾವ. ಇಪ್ಪತ್ತೆರಡು ಹೋದ್ವು. ನಾನೇ ಗುಂಡಿ ತೋಡಿ ಹೂಳ್ದೆ," ಎಂದು ಅತ್ತೇ ಬಿಟ್ಟ.

ಗುಡ್ಡಪ್ಪ ಅವನ ಬೆನ್ನು ಸವರಿದ. ಆಮೇಲೆ ಅವನನ್ನು ಸುಟ್ಟದ್ದು ಕುರಿ ಹೋದ ಸಂಕಟಕ್ಕಿಂತ ಹೆಚ್ಚಾಗಿ ಈ ಸವರಿದ್ದೇ.

ಯಾಕೆಂದರೆ ತಿಂಗಳೊಪ್ಪತ್ತಿನಲ್ಲಿ ಅವನು ಹೊಳಲ್ಕೆರೆ ದಾರಿಯ ಬಸ್ಸಿನ ಕಿಟಕಿಯಿಂದ ತನ್ನ ಕರಿಮೂತಿಯನ್ನು ಕಂಡ. ಮುಂದೆ ನಡೆಯುವ ಹಳೇ ಕುರಿ ಅದು, ಮಾರುತೇಶನ ಮಂದೆಯಲ್ಲಿ ಆರಾಮಾಗಿ ಮೇಯುತ್ತಿತ್ತು. ಗುಡ್ಡಪ್ಪ ಕಂಡಕ್ಟರನ ಭುಜ ಬಡಿದು ಬಸ್ಸು ನಿಲ್ಲಿಸಿ ಇಳಿದ. ಬಲಗಿವಿಯಲ್ಲಿ ಗುರುತಿಗೆಂದು ತಾನು ಹಾಕಿದ್ದ ಸೀಳಿನ ಪಕ್ಕ ಇನ್ನೆರಡು ಹೊಸ ಸೀಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕರೆಯಲು ಬಾಯಿ ತೆರೆದ. ಆಪರೇಷನ್ನಿನಲ್ಲಿ ಕುತ್ತಿಗೆಗೆ ಮಾಡಿದ್ದ ತೂತಿನಿಂದ ಬುಸ್ಸೆಂದು ಗಾಳಿ ಬಂತು ಅಷ್ಟೆ. ಕರಿಮೂತಿ ತಲೆಯನ್ನೂ ಎತ್ತಲಿಲ್ಲ.

ಮಾರುತೇಶ ಕೋಲೂರಿಕೊಂಡು ಬಂದು ನಕ್ಕ. "ನಿಮ್ಮವಾದ್ರೆ ಕರೀರಿ ಭಾವ. ಬಂದ್ರೆ ಹೊಡ್ಕಂಡು ಹೋಗ್ರಿ."

ಆ ನಗುವನ್ನು ಹೊಟ್ಟೆಯಲ್ಲಿಟ್ಟುಕೊಂಡು ಗುಡ್ಡಪ್ಪ ಊರಿಗೆ ಬಂದ. ಚಪ್ಪಲಿ ಬಿಡುವ ಮೊದಲೇ ಮಗಳ ಮೊಬೈಲು ತೋರಿಸಿ, ಹಟ್ಟಿಯ ಕಡೆ ಕೈ ಮಾಡಿದ. ಯಶೋದಾ ಅವನ ಕರೆ ಹಚ್ಚಿದಳು. ಮೂವತ್ತೆಂಟು ಕುರಿ ಮೆಲುಕು ಹಾಕುತ್ತಲೇ ಇದ್ದವು, ಒಂದೂ ಕಿವಿ ನಿಮಿರಿಸಲಿಲ್ಲ. ಇನ್ನೊಮ್ಮೆ ಹಚ್ಚಿದಳು. ಗುಡ್ಡಪ್ಪ ಕಿವಿಗೊಟ್ಟು ಕೇಳಿದ. "ಹೋ... ಬಾ" ಇತ್ತು, "ಟ್ರ್ರ್ರ್" ಇರಲಿಲ್ಲ. ನಾಲಿಗೆ ಆಡಿಸಿ, ಅದೇ ಇಲ್ಲವೆಂದು ಸನ್ನೆ ಮಾಡಿದ.

"ಗಲೀಜು ಸದ್ದು ಅಂತ ಆ್ಯಪೇ ಒರೆಸಿ ಹಾಕೈತಪ್ಪ," ಎಂದಳು ಯಶೋದಾ.

ಗುಡ್ಡಪ್ಪ ಟವೆಲ್ಲು ಎತ್ತಿ ನೆಲಕ್ಕೆ ಬಡಿದ. ನಲವತ್ತು ವರ್ಷದ ಕಸುಬು ಇವರಪ್ಪನ ಯಂತ್ರಕ್ಕೆ ಗಲೀಜಂತೆ. ಎರಡು ದಿನ ಮುದ್ದೆ ಮುರಿಯಲಿಲ್ಲ. ಇನ್ನೊಂದು ಸಲ ಕರೆಯೋಣವೆಂದರೆ ಗಂಟಲೇ ಇಲ್ಲ. ಹೆಂಡತಿ ಏಕನಾಥಮ್ಮ, ಪಾಪ, ಒಡಹುಟ್ಟಿದವನನ್ನು ಬೈದು ಬೈದು ತಾನೇ ಅಳುತ್ತಿದ್ದಳು.

ಮೂರನೆಯ ದಿನ ಯಶೋದಾ ಆ್ಯಪಿನ ಮೂಲೆಮೂಲೆ ಜಾಲಾಡಿ ಒಂದನ್ನು ಹುಡುಕಿದಳು. "ಇದು ರಾ ಆಡಿಯೋ ಅಂತೆ ಅಪ್ಪ. ತೊಳೀದೆ ಇರೋದು. ಅವತ್ತು ಕೇಳ್ಸಿದ್ದೆಲ್ಲ ಹಂಗಂಗೇ ಐತೆ."

ಇತ್ತು. ಗಾಳಿ, ದೂರದ ಟ್ರ್ಯಾಕ್ಟರು, ಕೆಮ್ಮು, ಆಮೇಲೆ "ಟ್ರ್ರ್ರ್... ಹೋ... ಬಾ". ಮೂವತ್ತೆಂಟೂ ಹಟ್ಟಿಯ ಮುಳ್ಳುಬೇಲಿಗೆ ನುಗ್ಗಿ ಬಂದವು. ಗುಡ್ಡಪ್ಪ ಸದ್ದಿಲ್ಲದೆ ಹೊಟ್ಟೆ ಕುಣಿಸಿ ನಕ್ಕ.

"ಕೊನೇಲಿ ನಿನ್ ಬೇರೆ ಮಾತೂ ಐತೆ. ಕತ್ತರಿಸ್ಲಾ?" ಎಂದಳು ಮಗಳು.

ಅವನು ಅವಳ ಮುಂಗೈ ಗಟ್ಟಿಯಾಗಿ ಹಿಡಿದು, ಬೇಡವೆಂದು ತಲೆಯಾಡಿಸಿದ.

ಮುಂದಿನ ಸೋಮವಾರ ಬಿ.ದುರ್ಗದ ಬೇವಿನಕಟ್ಟೆಯ ಮುಂದೆ ನ್ಯಾಯ ಕೂಡಿತು. ಹಿರಿಯ ಕಾಟಯ್ಯ ನಡುವೆ ಕುಳಿತ. ಬಯಲಲ್ಲಿ ಮಾರುತೇಶನ ಮಂದೆ. ಯಶೋದಾ ಅಪ್ಪ ಅಮ್ಮನ ನಡುವೆ ನಿಂತು, ಮೊಬೈಲಿಗೆ ಜೋಡಿಸಿದ ಪುಟ್ಟ ಸ್ಪೀಕರ್ ಎತ್ತಿ ಹಿಡಿದಳು.

"ಮಿಷನ್ನಿಂದ ಕರೆದ್ರೆ ಅದೆಂಥ ನ್ಯಾಯ?" ಎಂದ ಮಾರುತೇಶ. ಅವನ ಮುಖ ಆಗಲೇ ಸ್ವಲ್ಪ ಬಾಡಿತ್ತು.

"ದನಿ ಗಂಟ್ಲಾಗೆ ಇದ್ರೇನು ಡಬ್ಬ್ಯಾಗೆ ಇದ್ರೇನು, ಕುರಿಗೆ ಗೊತ್ತಾಗ್ತೈತೆ. ಮೊದ್ಲು ನೀನ್ ಕರಿಯಪ್ಪ," ಎಂದ ಕಾಟಯ್ಯ.

ಮಾರುತೇಶ ಕರೆದ. ಮಂದೆ ಅವನತ್ತ ತಿರುಗಿ ನಾಲ್ಕು ಹೆಜ್ಜೆ ಇಟ್ಟಿತು. ಆಗ ಯಶೋದಾ ಗುಂಡಿ ಒತ್ತಿದಳು.

"ಟ್ರ್ರ್ರ್... ಹೋ... ಬಾ."

ಕರಿಮೂತಿ ನಿಂತಿತು. ಎರಡನೆಯ ಕರೆಗೆ ತಿರುಗಿತು. ಮೂರನೆಯದಕ್ಕೆ ಓಡಿತು. ಅದರ ಹಿಂದೆ ಒಂದೊಂದಾಗಿ ಬೇರೆಯಾಗಿ ಉಳಿದ ಇಪ್ಪತ್ತೊಂದೂ ಓಡಿದವು, ಕಳ್ಳನ ಹಟ್ಟಿಯಲ್ಲಿ ಹುಟ್ಟಿದ ಐದು ಮರಿಗಳೂ ತಾಯಂದಿರ ಬಾಲ ಹಿಡಿದು ಬಂದವು. ಗುಡ್ಡಪ್ಪನ ಮೊಣಕಾಲಿನ ಸುತ್ತ ಕುರಿಯೋ ಕುರಿ. ಜನ ಮಾರುತೇಶನನ್ನು ನೋಡಿದರು. ಹೂಳಿದ ಕುರಿ ಎದ್ದು ಬಂದದ್ದನ್ನು ಅಲ್ಲಿ ಯಾರೂ ಈವರೆಗೆ ಕಂಡಿರಲಿಲ್ಲ.

ಸ್ಪೀಕರ್ ಇನ್ನೂ ನಿಂತಿರಲಿಲ್ಲ. ಅದರೊಳಗಿಂದ ಗುಡ್ಡಪ್ಪನ ಒಡಕು ದನಿ ಬಯಲಿಗೆಲ್ಲ ಕೇಳಿಸಿತು.

"...ನಾನೇ ಎತ್ತಿ ಆಡ್ಸಿ ಬೆಳೆಸ್ದೋನು. ನನ್ ದನಿ ಹೋದ್ರೂ ಅವನ ದನಿ ಐತಲ್ಲ, ನನಗದೇ ಸಾಕು."

ಕಾಟಯ್ಯ ಕೋಲಿನಿಂದ ನೆಲ ಕೆರೆಯುತ್ತ ಕುಳಿತ. ಮಾರುತೇಶ ಯಶೋದಾಳತ್ತ ಕೈ ಚಾಚಿದ.

"ಸಾಕು, ಆರ್ಸು ಯಶೋದಾ," ಎಂದ. "ಹೊಡೀಬೇಕಾದ್ರೆ ಹೊಡೀರಿ ಭಾವ. ಅದನ್ನ ಆರ್ಸಕ್ಕೆ ಹೇಳ್ರಿ."

ಗುಡ್ಡಪ್ಪ ಅವನನ್ನೇ ನೋಡುತ್ತ ಒಂದು ಬೆರಳು ಎತ್ತಿದ. ಇನ್ನೊಂದು ಸಲ.

ಯಶೋದಾ ಗುಂಡಿ ಒತ್ತಲಿಲ್ಲ. ಅವಳು ತಾಯಿಯ ಕಡೆ ನೋಡಿದಳು. ಏಕನಾಥಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ತಮ್ಮನ ಕಡೆ ತಿರುಗಿಯೂ ನೋಡದೆ ಹೇಳಿದಳು. "ನಿಮ್ಮಪ್ಪ ಹೇಳ್ದಂಗೆ ಮಾಡವ್ವ."

ಯಶೋದಾ ಮೊದಲಿನಿಂದ ಹಚ್ಚಿದಳು. ಕಾಲ ಬಳಿಯೇ ನಿಂತಿದ್ದ ಕುರಿಗಳು ಮತ್ತೆ ತಲೆಯೆತ್ತಿದವು.