ಡಿಸ್ಕಿನ ಹಿಂಬದಿ

ಹತ್ತಿ ವ್ಯಾಪಾರ ಮಾಡುವ ಮಾವನನ್ನು ಗ್ಯಾರೇಜಿಗೆ ಕರೆದೊಯ್ಯಬೇಡಿ, ಗೆಳೆಯರೇ. ಇವತ್ತು ಆದೋನಿಯಲ್ಲಿ ಕಾರಿನ ಬ್ರೇಕ್ ಪ್ಯಾಡ್ ಬದಲಿಸಲು ಹೋಗಿದ್ದೆವು. ಮೆಕ್ಯಾನಿಕ್ ಚಕ್ರ ಬಿಚ್ಚಿ, ಫಳಫಳ ಹೊಳೆಯುವ ಡಿಸ್ಕ್ ತೋರಿಸಿದ.

“ಡಿಸ್ಕ್ ಚಲೋ ಐತ್ರಿ, ಪ್ಯಾಡ್ ಹಾಕಿದ್ರ ಸಾಕು.”

ನಾನು ತಲೆಯಾಡಿಸಿದೆ. ರಾಶಿಯೊಳಗೆ ಮೊಣಕೈವರೆಗೂ ಕೈ ಹಾಕಿ ನೋಡದೆ ಹತ್ತಿ ಕೊಳ್ಳದ ಮಾವ ಒಪ್ಪಲಿಲ್ಲ.

“ಮ್ಯಾಲಿನ ಹತ್ತಿ ಎಲ್ರುದೂ ಬೆಳ್ಳಗಿರ್ತೈತಪ್ಪ. ಹಿಂದ್ಕ ಹೆಂಗೈತಿ?” ಎನ್ನುತ್ತ ಡಿಸ್ಕಿನ ಹಿಂಬದಿಗೆ ಬೆರಳು ತೂರಿಸಿದರು. ಅಲ್ಲಿ ಎಂಥಾ ಗೀರುಗಳೆಂದರೆ ಉಗುರು ಸಿಕ್ಕಿಕೊಂಡಿತು!

ಮೆಕ್ಯಾನಿಕ್ ಕಿವಿ ಕೆರೆದುಕೊಂಡ. “ಹೊಸಾ ಡಿಸ್ಕ್ ಕರ್ನೂಲಿಂದ ತರಿಸ್ಬೇಕ್ರಿ, ತಡ ಆಕ್ಕೈತಿ. ಅದಕ್ಕ ಸುಮ್ನಿದ್ದೆ.”

ಮಗಳನ್ನು ಕೊಡುವ ಮುಂಚೆ ಮಾವ ನಮ್ಮ ಮನೆಗೆ ಹಿತ್ತಿಲ ಬಾಗಿಲಿನಿಂದ ಬಂದದ್ದು ದಾರಿ ತಪ್ಪಿ ಎಂದೇ ಇಷ್ಟು ದಿನ ನಂಬಿದ್ದೆ.