ಬಿದ್ದ ದನಕ್ಕೆ ಮೊದಲು ಏನು ಮಾಡಬಾರದು

ಗಂಡ ತೀರಿಕೊಂಡ ಮೇಲೆ ಅವರು ಮಾಡುತ್ತಿದ್ದ ಕೆಲಸವನ್ನು ಸರಕಾರ ಅನುಕಂಪದ ಆಧಾರದಲ್ಲಿ ನನಗೆ ಕೊಟ್ಟಿತು. ಅಂಕೋಲೆಯ ದನದ ದವಾಖಾನೆಯಲ್ಲಿ ಅಟೆಂಡರ್ ಕೆಲಸ. ಬೆಳಿಗ್ಗೆ ಹೋಗಿ ಬಾಗಿಲು ತೆಗೆಯುವುದು, ಅಂಗಳ ಗುಡಿಸುವುದು, ಸೂಜಿಗಳನ್ನು ಕುದಿಸಿಡುವುದು, ಡಾಕ್ಟರು ಸೂಜಿ ಚುಚ್ಚುವಾಗ ದನದ ಮೂಗುದಾರ ಹಿಡಿದು ನಿಲ್ಲುವುದು. ಔಷಧದ ಕಪಾಟಿನ ಪಕ್ಕ ಗಂಡ ಅಂಗಿ ತೂಗುಹಾಕುತ್ತಿದ್ದ ಮೊಳೆ ಇತ್ತು. ಮೊದಲ ದಿನವೇ ನಾನು ಅದಕ್ಕೆ ನನ್ನ ಚೀಲ ತೂಗುಹಾಕಿದೆ. ಬೇರೆ ಮೊಳೆ ಇರಲಿಲ್ಲ. ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ನಿಂತು ನೋಡಿದೆ. ಬರಲಿಲ್ಲ. ಹೋಗಿ ಒಲೆ ಹಚ್ಚಿ ಸೂಜಿ ಕುದಿಯಲಿಟ್ಟೆ.

ಎರಡನೆಯ ವರ್ಷ ಎರಡು ಸುದ್ದಿ ಒಟ್ಟಿಗೆ ಬಂದವು. ನನ್ನ ಅಟೆಂಡರ್ ಹುದ್ದೆಯನ್ನು ಜೋಯಿಡಾ ಕಡೆಯ ಒಂದು ಹಳ್ಳಿಗೆ ವರ್ಗ ಮಾಡುತ್ತಾರೆ ಎಂಬುದು ಒಂದು. ಕಾರವಾರದಲ್ಲಿ ಪ್ರತಿ ಶನಿವಾರ ತುರ್ತು ಚಿಕಿತ್ಸೆಯ ತರಬೇತಿ ಶುರುವಾಗುತ್ತದೆ, ಕೊನೆಯಲ್ಲಿ ಪರೀಕ್ಷೆ ಪಾಸಾದವರನ್ನು ಸಹಾಯಕರನ್ನಾಗಿ ಮಾಡುತ್ತಾರೆ, ಅಂಕೋಲೆಯಲ್ಲಿ ಅಂಥದೊಂದು ಜಾಗ ಖಾಲಿ ಇದೆ ಎಂಬುದು ಇನ್ನೊಂದು. ಮಗಳು ಆಗ ಎಂಟನೆಯ ತರಗತಿ. ಜೋಯಿಡಾದ ಆ ಹಳ್ಳಿಯಲ್ಲಿ ಹೈಸ್ಕೂಲು ಇರಲಿಲ್ಲ. ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ನನ್ನ ಅಣ್ಣ, ವೈನಿ ಇದ್ದರು, ಅವರಿಗೆ ಮಕ್ಕಳಿರಲಿಲ್ಲ. "ನೀ ಎಲ್ಲಿಗಾರೂ ಹೋಗು, ಹುಡುಗೀನ ನಮ್ಮಲ್ಲಿ ಬಿಡು" ಎಂದು ವೈನಿ ಹೇಳಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಹಾಗಾಗಿ ನನ್ನ ಲೆಕ್ಕ ಸರಳವಿತ್ತು. ಪಾಸಾದರೆ ಮಗಳು ನನ್ನ ಹತ್ತಿರ, ಇಲ್ಲವಾದರೆ ಮಲ್ಲಾಪುರದಲ್ಲಿ.

ನಾನು ಪುಸ್ತಕ ಮುಟ್ಟಿ ಎಷ್ಟೋ ವರ್ಷಗಳಾಗಿದ್ದವು. ತರಬೇತಿಗೆ ಕೊಟ್ಟ ಪುಸ್ತಕವನ್ನು ಶಾಲೆಯಲ್ಲಿ ಓದಿದಂತೆ ಮೊದಲ ಸಾಲಿನಿಂದ ಗಟ್ಟಿಯಾಗಿ ಓದುತ್ತ ಹೋದೆ. ಪುಟ ಮುಗಿಯುತ್ತಿತ್ತು, ಮುಂದಿನ ಪುಟ ಬರುತ್ತಿತ್ತು. ಏನು ಓದಿದೆ ಎಂದು ಕೇಳಿಕೊಂಡರೆ ಏನೂ ಇಲ್ಲ. ಬೇಸರವೂ ಆಗುತ್ತಿರಲಿಲ್ಲ ಎನ್ನುವುದೇ ತೊಂದರೆ. ಬೇಸರವಾಗಿದ್ದರೆ ಪುಸ್ತಕ ಮುಚ್ಚಿ ಏಳುತ್ತಿದ್ದೆ. ನನಗೆ ಕೂತಲ್ಲಿ ಕೂತಿರುವುದು ಅಭ್ಯಾಸವಾಗಿಬಿಟ್ಟಿತ್ತು.

ದಾರಿ ತೋರಿಸಿದ್ದು ಮಗಳು. ಪುಸ್ತಕ ನೋಡುತ್ತ ಓದಿದರೆ ಎಲ್ಲ ಬಂದಂತೆಯೇ ಕಾಣುತ್ತದೆ, ಮುಚ್ಚಿ ಹೇಳಿದರೆ ಮಾತ್ರ ಬಂದದ್ದು ಗೊತ್ತಾಗುತ್ತದೆ ಎಂದು ಅವಳ ಅಕ್ಕೋರು ತರಗತಿಯಲ್ಲಿ ಹೇಳಿದ್ದರಂತೆ. ಸಂಜೆ ನಾನು ಹಿತ್ತಲ ಕಲ್ಲಿನ ಮೇಲೆ ಮೀನು ಕೊಯ್ಯಲು ಕೂತಾಗ ಅವಳು ಪುಸ್ತಕ ಹಿಡಿದು ಎದುರು ಕೂರುತ್ತಿದ್ದಳು. ಕೈಯಲ್ಲಿ ಬಂಗಡೆ ಇದ್ದರೆ ಪುಟ ತಿರುವಿ ಕದ್ದು ನೋಡಲು ಬರುವುದಿಲ್ಲ.

"ಆಘಾತ ಆದ ಪ್ರಾಣಿ ಲಕ್ಷಣ ಹೇಳು."

"ವಸಡು ಬೆಳ್ಳಗೆ. ಕಿವಿ ತಣ್ಣಗೆ. ನಾಡಿ ಬೇಗ ಬೇಗ, ಆದ್ರೆ ಜೋರಿಲ್ಲ."

"ಮತ್ತೆ?"

"ಮತ್ತೆಂತಾ?"

"ಆಯಿ! ವಸಡು ಒತ್ತಿ ಬಿಟ್ರೆ ಬಣ್ಣ ತಿರುಗಿ ಬರೂಕೆ ತಡ ಆಗ್ತದೆ. ನಿನ್ನೇನೂ ಇದ್ನೇ ಬಿಟ್ಟಿದ್ದೆ. ನಮ್ಮ ಅಕ್ಕೋರಾಗಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ರು."

"ನಿಲ್ಸು. ಬಂಗಡೆ ಯಾರು ಕೊಯ್ತಾರೆ ನೋಡ್ವಾ."

ಕಿವಿ ತಣ್ಣಗೆ ಎನ್ನುವ ಮಾತು ಆ ಪುಸ್ತಕದಲ್ಲಿ ಹಲವು ಕಡೆ ಬರುತ್ತಿತ್ತು. ಗಂಡ ಅಂಗಳದಲ್ಲಿ ಬಿದ್ದ ದಿನ ಅವರ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಾಗ ನನ್ನ ಎರಡೂ ಅಂಗೈ ಅವರ ಕಿವಿಗಳ ಮೇಲಿದ್ದವು. ಮೊದಲ ಸಲ ಆ ಸಾಲು ಬಂದಾಗ ನಾನು ಓದುವುದನ್ನು ನಿಲ್ಲಿಸಿ ಕಾದೆ. ಏನೂ ಆಗಲಿಲ್ಲ. ಮುಂದಿನ ಸಾಲಿಗೆ ಹೋದೆ. ಮಗಳಿಗೆ ಏನಾದರೂ ಅನಿಸಿತೋ ಗೊತ್ತಿಲ್ಲ. ಅವಳು ಆ ಪ್ರಶ್ನೆಯನ್ನು ಉಳಿದ ಪ್ರಶ್ನೆಗಳ ಹಾಗೆಯೇ ಕೇಳುತ್ತಿದ್ದಳು.

ಶನಿವಾರದ ಬಸ್ಸನ್ನೂ ಓದಿಗೆ ಹಚ್ಚಿಕೊಂಡೆ. ಅವರ್ಸಾ ದಾಟುವುದರೊಳಗೆ ರಕ್ತಸ್ರಾವ, ಅಮದಳ್ಳಿಯ ತನಕ ವಿಷ ತಿಂದದ್ದು, ಬಿಣಗಾ ಘಾಟಿಯಲ್ಲಿ ಹೊಟ್ಟೆ ಉಬ್ಬರ. ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸೊಬ್ಬಳು ಒಂದು ದಿನ, "ಯಾವ ದೇವರ ಜಪ ಮಾರಾಯ್ತಿ?" ಎಂದು ಕೇಳಿದಳು. ದನದ್ದು ಎಂದೆ. "ಹಂಗಾರೆ ಮಾಡು, ಮಾಡು" ಎಂದು ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ನನ್ನ ಕಾಲಿಗೆ ಜಾಗ ಮಾಡಿಕೊಟ್ಟಳು.

ನಮ್ಮ ಡಾಕ್ಟರು ಧಾರವಾಡ ಕಡೆಯವರು. ಜನ ಕಡಿಮೆ ಇದ್ದ ಒಂದು ಮಧ್ಯಾಹ್ನ, ಮೌಖಿಕ ಪರೀಕ್ಷೆ ಹೇಗಿರುತ್ತದೆ ಎಂದು ತೋರಿಸುತ್ತೇನೆ ಅಂದರು. "ಜರ್ಸಿ ದನ ಕರು ಹಾಕೇದ. ಮರುದಿನ ಬಿದ್ದೇದ, ಏಳವಲ್ಲದು. ಕುತ್ತಿಗೆ ಹೊಟ್ಟಿ ಕಡೆ ತಿರುವೇದ, ಕಿವಿ ತಣ್ಣಗ. ನಾ ಬರೂದು ತಡ ಆಗ್ತದ. ನೀವು ಮೊದಲ ಏನ್ ಮಾಡ್ತೀರಿ?"

"ಬೆಲ್ಲ, ಕಾಳುಮೆಣಸು ಹಾಕಿ ಬಿಸಿ ಗಂಜಿ ಮಾಡಿ ಗೊಟ್ಟದಲ್ಲಿ ಕುಡಿಸ್ತೇನೆ" ಎಂದೆ. ಅನುಮಾನವೇ ಇರಲಿಲ್ಲ. ನಮ್ಮ ಕಡೆ ಪ್ರತಿ ಕೊಟ್ಟಿಗೆಯ ಮಾಡಿನಲ್ಲಿ ಒಂದು ಗೊಟ್ಟ ಸಿಕ್ಕಿಸಿರುತ್ತಾರೆ. ಬಿದಿರಿನ ಕೊಳವೆ, ತುದಿ ಓರೆಯಾಗಿ ಕೊಯ್ದದ್ದು. ದನದ ತಲೆ ಎತ್ತಿ ಹಿಡಿದು ಅದರಿಂದ ಬಾಯಿಗೆ ಸುರಿಯುವುದು. ಹೆತ್ತದ್ದು ಹೆಂಗಸಿರಲಿ ದನವಿರಲಿ, ಗಂಟಲಿಗೆ ಬಿಸಿಯಾದದ್ದು ಇಳಿಯಬೇಕು. ಉಳಿದದ್ದೆಲ್ಲ ಆಮೇಲೆ.

ಡಾಕ್ಟರು ನಗಲಿಲ್ಲ. "ಅದು ಹಾಲುಜ್ವರ ರೀ. ಮೈಯಾಗಿನ ಕ್ಯಾಲ್ಸಿಯಂ ಎಲ್ಲಾ ಹಾಲಿಗೆ ಹೋಗಿರ್ತದ. ಆ ಹೊತ್ತಿಗೆ ಅದಕ್ಕ ನುಂಗೂ ಶಕ್ತಿ ಇರೂದಿಲ್ಲ. ನಿಮ್ಮ ಗಂಜಿ ಸೀದಾ ಶ್ವಾಸಕೋಶಕ್ಕ ಹೋಗ್ತದ. ಈ ಊರಿಗೆ ಬಂದ ಮ್ಯಾಲೆ ನಾ ಬ್ಯಾನಿಯಿಂದ ಸತ್ತ ದನಕ್ಕಿಂತ ಗೊಟ್ಟದಿಂದ ಸತ್ತ ದನಾನ ಜಾಸ್ತಿ ನೋಡೇನಿ."

ಆವತ್ತಿನಿಂದ ನಾನು ಓದುವ ಕ್ರಮವನ್ನು ತಿರುಗಿಸಿದೆ. ಯಾವ ಕಾಯಿಲೆಯಾದರೂ ಮೊದಲು ಏನು ಮಾಡಬಾರದು ಎನ್ನುವುದನ್ನು ಕಲಿಯುವುದು, ಮಾಡಬೇಕಾದದ್ದನ್ನು ಅದರ ಹಿಂದೆ ಕಟ್ಟುವುದು. ಹೊಟ್ಟೆ ಉಬ್ಬಿದ ದನವನ್ನು ಮಗ್ಗುಲಾಗಿ ಮಲಗಿಸಬಾರದು. ಹಾವು ಕಚ್ಚಿದ ಜಾಗ ಕೊಯ್ಯಬಾರದು. ರಕ್ತ ನಿಲ್ಲಲು ಒತ್ತಿ ಹಿಡಿದ ಬಟ್ಟೆಯನ್ನು ಮತ್ತೆ ಮತ್ತೆ ತೆಗೆದು ನೋಡಬಾರದು. ಗೇರುಹಣ್ಣಿನ ರಾಶಿಗೆ ಬಾಯಿ ಹಾಕಿ ತೂರಾಡುತ್ತ ಬಂದ ದನಕ್ಕೆ ಅನ್ನ, ಗಂಜಿ ಕೊಡಬಾರದು. ಹೀಗೆ ಓದಿದ್ದು ತಲೆಯಲ್ಲಿ ನಿಂತಿತು. ಆ ದಿನಗಳಲ್ಲಿ ನನಗೆ ಏನನ್ನಾದರೂ ಮಾಡು ಎನ್ನುವುದಕ್ಕಿಂತ ಮಾಡಬೇಡ ಎನ್ನುವುದು ಬೇಗ ಒಗ್ಗುತ್ತಿತ್ತು.

ಪರೀಕ್ಷೆಗೆ ಒಂದು ವಾರ ಇರುವಾಗ ಬೆಳಂಬಾರದಿಂದ ಒಬ್ಬ ಬೈಕಿನಲ್ಲಿ ಧಾವಿಸಿ ಬಂದ. ಜರ್ಸಿ ದನ, ನಿನ್ನೆ ಕರು ಹಾಕಿದೆ, ಬೆಳಿಗ್ಗೆಯಿಂದ ಎದ್ದಿಲ್ಲ. ಡಾಕ್ಟರು ಬೇರೆ ಹಳ್ಳಿಗೆ ಹೋಗಿದ್ದರು. ಫೋನಿನಲ್ಲಿ, "ನೀವು ಕ್ಯಾಲ್ಸಿಯಂ ಬಾಟ್ಲಿ ತಗೊಂಡು ಮುಂದ ನಡೀರಿ, ನಾ ಸೀದಾ ಅಲ್ಲಿಗೇ ಬರ್ತೇನಿ" ಎಂದರು. ಬೈಕಿನ ಹಿಂದೆ ಕೂತು ಹೋದೆ.

ಕೊಟ್ಟಿಗೆಯಲ್ಲಿ ಅವನ ಅಜ್ಜಿ ಗೊಟ್ಟ ಹಿಡಿದು ನಿಂತಿದ್ದಳು. ಪಾತ್ರೆಯಲ್ಲಿ ಗಂಜಿ ಹಬೆಯಾಡುತ್ತಿತ್ತು. ದನ ಪುಸ್ತಕದಲ್ಲಿದ್ದ ಹಾಗೆಯೇ ಕುತ್ತಿಗೆ ತಿರುಗಿಸಿ ಬಿದ್ದಿತ್ತು. ಕಿವಿ ಮುಟ್ಟಿದೆ. ತಣ್ಣಗಿತ್ತು.

"ಚಲೋ ಆಯ್ತು ಬಂದೆ. ಬಾಯಿ ಬಿಡಿಸಿ ಹಿಡಿ ತಂಗಿ" ಎಂದಳು ಅಜ್ಜಿ.

"ಗಂಜಿ ಬೇಡ ಅಜ್ಜಿ. ಅದಕ್ಕೆ ನುಂಗೂಕೆ ಬರೂದಿಲ್ಲ."

"ಹೆತ್ತ ಜೀವಕ್ಕೆ ಗಂಜಿ ಬೇಡ ಅಂಬ್ವಳು ನೀ ಎಲ್ಲಿಯವ್ಳೇ? ನಿನ್ನ ಗಂಡ ಇದ್ದಿದ್ರೆ ಅಂವನೇ ಹಿಡಿತಿದ್ದ. ಹಿಂದಿನ ಸರ್ತಿ ಹಿಡ್ದಿದ್ದ."

"ಹಿಡಿದಿರಬಹುದು. ನಾ ಹಿಡಿಯೂದಿಲ್ಲ."

"ಓ, ದೊಡ್ಡ ಅಕ್ಕೋರು ಬಂದ್ರು!" ಎಂದು ಅವಳು ತಾನೇ ದನದ ತಲೆಯ ಹತ್ತಿರ ಕೂತಳು. ನಾನೂ ಎದುರು ಕೂತೆ. ಜಗಳ ಮಾಡಲು ನನ್ನಲ್ಲಿ ಏನೂ ಇರಲಿಲ್ಲ. ದನದ ನಾಲಿಗೆಯನ್ನು ಪಕ್ಕಕ್ಕೆ ಎಳೆದು ಬಿಟ್ಟೆ. ಅದು ಒಳಗೆ ಹೋಗಲಿಲ್ಲ. ತುಟಿಯಿಂದ ಹೊರಗೆ ಹಾಗೇ ಜೋತಿತು. ಇನ್ನೊಮ್ಮೆ ಎಳೆದು ಬಿಟ್ಟೆ. ಅಜ್ಜಿ ನೋಡಿದಳು. ಆಮೇಲೆ ಗೊಟ್ಟವನ್ನು ಗೋಡೆಗೆ ಒರಗಿಸಿ, "ಈಗೆಂತ ಮಾಡುದು ಹೇಳು" ಎಂದಳು.

ಹುಲ್ಲು ತುಂಬಿದ ಚೀಲಗಳನ್ನು ಪಕ್ಕೆಗೆ ಒತ್ತಿಟ್ಟು ದನವನ್ನು ಎದೆಯ ಮೇಲೆ ಕೂರಿಸಿದೆವು. ಮೈಮೇಲೆ ಗೋಣಿ ಹೊದಿಸಿದೆವು. ಡಾಕ್ಟರು ಬಂದು ಕುತ್ತಿಗೆಯ ನರಕ್ಕೆ ಸೂಜಿ ಏರಿಸಿದರು. ಬಾಟಲಿ ನನ್ನ ಕೈಯಲ್ಲಿ. ಎತ್ತರಕ್ಕೆ ಹಿಡಿದರೆ ಔಷಧ ಜೋರಾಗಿ ಇಳಿಯುತ್ತದೆ, ಜೋರಾಗಿ ಇಳಿದರೆ ಹೃದಯ ನಿಲ್ಲುತ್ತದೆ. ಡಾಕ್ಟರು ದನದ ಎದೆಗೆ ಸ್ಟೆತೊಸ್ಕೋಪ್ ಒತ್ತಿ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಸಾವಕಾಶ... ಇನ್ನೂ ಸಾವಕಾಶ... ಕೆಳಗ ಮಾಡ್ರಿ." ನಾನು ಕೆಳಗೆ ಮಾಡಿದೆ. ಒಂದು ಹೃದಯ ನಡೆಯುತ್ತ ಇರುವುದು ನನ್ನ ಮೊಣಕೈಯ ಎತ್ತರದ ಮೇಲೆ ನಿಂತಿದೆ ಎಂದು ಗೊತ್ತಿತ್ತು. ಗೊತ್ತಿತ್ತು, ಅಷ್ಟೇ.

ಬಾಟಲಿ ಮುಗಿಯುತ್ತ ಬಂದಾಗ ದನದ ತೊಡೆ ನಡುಗಿತು. ಮೂಗಿನ ತುದಿಯಲ್ಲಿ ಪಸೆ ಕಂಡಿತು. ದೊಡ್ಡದಾಗಿ ತೇಗಿತು, ಸೆಗಣಿ ಹಾಕಿತು. ಸ್ವಲ್ಪ ಹೊತ್ತಿಗೆ ಹಿಂಗಾಲು ಊರಿ ಎದ್ದು ನಿಂತು, ಇಷ್ಟು ಜನ ಇಲ್ಲಿ ಯಾಕಿದ್ದಾರೆ ಎನ್ನುವ ಹಾಗೆ ನೋಡಿತು. ಅಜ್ಜಿ ಗಂಜಿಯನ್ನು ಎರಡು ಬಟ್ಟಲಿಗೆ ಬಗ್ಗಿಸಿ ತಂದಳು. "ದನ ಕುಡಿಯೂದಿಲ್ಲ ಅಂತಾದ್ರೆ ನೀವೇ ಕುಡೀರಿ. ಬೆಲ್ಲ ಹಾಕಿದ್ದೆ, ಚೆಲ್ಲೂಕೆ ಮನಸ್ಸಿಲ್ಲ." ಡಾಕ್ಟರು ನಿಂತಲ್ಲೇ ಕುಡಿದರು. ನನ್ನ ಬಲಗೈ ಜೋಮು ಹಿಡಿದಿತ್ತು, ಎಡಗೈಯಲ್ಲಿ ಕುಡಿದೆ. ಚೆನ್ನಾಗಿತ್ತು.

ಕಾರವಾರದ ಪರೀಕ್ಷೆಯಲ್ಲಿ ಹಾಲುಜ್ವರ ಬರಲಿಲ್ಲ. ಗಾಡಿ ಬಡಿದ ನಾಯಿಯ ಬಗ್ಗೆ ಕೇಳಿದರು. ನಾನು ಅಭ್ಯಾಸದಂತೆ, ಕಾಲು ಹಿಡಿದು ಎಳೆಯಬಾರದು, ಬಾಯಿಗೆ ನೀರು ಬಿಡಬಾರದು ಎಂದು ಶುರು ಮಾಡಿದೆ. ಪರೀಕ್ಷಕರು ಕನ್ನಡಕ ತೆಗೆದು, "ಏನು ಮಾಡಬಾರದು ಅಂತ ನಾನು ಕೇಳಲಿಲ್ಲವಲ್ಲ ತಾಯಿ" ಎಂದರು. "ಅದು ಮುಗಿದ ಮೇಲೆ ಮಾಡುವುದು ಬರುತ್ತದೆ ಸರ್" ಎಂದೆ. ಹಾಗಾದರೆ ಮುಗಿಸಿ ಎಂದರು. ಮುಗಿಸಿದೆ. ಹಲಗೆಯ ಮೇಲೆ ಜಾರಿಸಿ ಎತ್ತುವುದು, ವಸಡು ನೋಡುವುದು, ಒತ್ತಿ ಬಿಟ್ಟರೆ ಬಣ್ಣ ಬರುವುದು ತಡವೇ ಎಂದು ನೋಡುವುದು, ಎಲ್ಲ ಹೇಳಿದೆ.

ಮಳೆಗಾಲಕ್ಕೆ ಮುಂಚೆ ಪಾಸಾದ ಫಲಿತಾಂಶವೂ ಸಹಾಯಕಿಯಾಗಿ ಅಂಕೋಲೆಯಲ್ಲೇ ಮುಂದುವರಿಯಬೇಕೆಂಬ ಆದೇಶವೂ ಬಂದವು. ಮಗಳು ಓದಿ, "ಮಾರ್ಕ್ಸ್ ಎಷ್ಟು ಅಂತ ಇಲ್ಲ?" ಎಂದಳು. ಇಲ್ಲ ಎಂದೆ. "ಹಂಗಾದ್ರೆ ಕಡಿಮೆ ಬಿದ್ದಿರ್ಬೇಕು" ಎಂದು ಹೇಳಿ ಒಳಗೆ ಹೋದವಳು ಬಾಗಿಲ ಹಿಂದೆ ನಿಂತು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಮಲ್ಲಾಪುರಕ್ಕೆ ತಿಳಿಸಬೇಕಿತ್ತು. ಇಬ್ಬರೂ ಪೇಟೆಗೆ ಹೋಗಿ ಅಂಗಡಿಯ ಕಾಯಿನ್ ಫೋನಿನಿಂದ ಮಾಡಿದೆವು. ವೈನಿ ಎತ್ತಿದರು.

"ಹೌದಾ? ಚಲೋ ಆಯ್ತಲ್ಲ" ಎಂದರು. ಹಿಂದೆ ಕುಕ್ಕರಿನ ಸದ್ದು ಕೇಳಿಸುತ್ತಿತ್ತು. "ಕಿಟಕಿ ಬದಿಗೆ ಮಂಚ ಹಾಕ್ಸಿದ್ದೆ" ಎಂದರು. "ಶಾಲೆಯಲ್ಲೂ ಮಾತಾಡಿ ಬಂದಿದ್ದೆ. ಇರ್ಲಿ ಬಿಡು. ನಾಳೆ ತೆಗೆಸ್ತೆ."

ಅವರಿಗೆ ಎಷ್ಟು ನೋವಾಗಿದೆ ಎನ್ನುವುದು ಗೊತ್ತಾಗುತ್ತಿತ್ತು, ದಪ್ಪ ಬಟ್ಟೆಯ ಮೇಲಿಂದ ಮುಟ್ಟಿದ ಹಾಗೆ. ಫೋನು ಪೀಂ ಪೀಂ ಎಂದಿತು. ಇನ್ನೊಂದು ರೂಪಾಯಿ ಹಾಕಿದೆ.

"ಮಂಚ ತೆಗಿಬೇಡಿ ವೈನಿ. ಅಕ್ಟೋಬರ್ ರಜೆಗೆ ಕಳಿಸ್ತೆ."

"ಪೂರಾ ರಜೆಗಾ?"

"ಪೂರಾ ರಜೆಗೆ."

"ಮತ್ತೆ ಮಾತು ಬದಲ್ಸೂಕಿಲ್ಲ ಮತ್ತೆ" ಎಂದರು ವೈನಿ. ಪಕ್ಕದಲ್ಲಿ ನಿಂತ ಮಗಳು ನನ್ನ ಸೆರಗು ಎಳೆದು, "ಪೂರಾ ರಜೆಗೆ? ನಾ ಒಬ್ಳೇನಾ ಆಯಿ?" ಎಂದು ಪಿಸುಗುಟ್ಟಿದಳು. ನಾನು ಫೋನನ್ನು ಅವಳ ಕಿವಿಗೆ ಕೊಟ್ಟು, ಚಿಲ್ಲರೆ ತರಲು ಅಂಗಡಿಯವನ ಹತ್ತಿರ ಹೋದೆ.