ಬೇರೆ ಒಲೆ

ಯರಗುಪ್ಪಿಯ ನಮ್ಮ ಮನೆಯಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ನನ್ನ ಅವ್ವ. ಇಬ್ಬರಿಗೆ ಎರಡು ಒಲೆ. ಒಂದು ಅಡುಗೆಮನೆಯ ಗ್ಯಾಸು, ಇನ್ನೊಂದು ಹಿತ್ತಲಲ್ಲಿ ತಗಡಿನ ಕೆಳಗೆ ಅವ್ವ ಕೈಯಾರೆ ಹಾಕಿದ ಮಣ್ಣಿನ ಒಲೆ. ನೋಡಿದವರು ತಾಯಿ ಮಗಳಿಗೆ ಜಗಳವಾಗಿದೆ ಎಂದುಕೊಂಡರು. ಜಗಳವಾಗಿದ್ದರೆ ಒಳ್ಳೆಯದಿತ್ತು, ಬಗೆಹರಿಸಿಕೊಳ್ಳಬಹುದಿತ್ತು.

ಸಂಶಿಯ ಒಂದು ಖಾಸಗಿ ಶಾಲೆಯಲ್ಲಿ ನನಗೆ ಕ್ಲರ್ಕ್ ಕೆಲಸ ಸಿಕ್ಕಾಗ ನಮ್ಮದು ಬಿಪಿಎಲ್ ಕಾರ್ಡು. ಕೆಲಸ ಕಾಯಂ ಆದ ತಿಂಗಳು ಅವ್ವ ಆ ಕಾರ್ಡನ್ನು ತಂದು ನನ್ನ ಮುಂದಿಟ್ಟಳು.

"ಇದನ್ನ ತಿರುಗಿ ಕೊಟ್ಟ ಬಾ. ನಿನಗ ಪಗಾರ ಬರ್ತೈತಿ. ಬಡವರ ಅಕ್ಕಿ ನಮಗ್ಯಾಕ?"

ಊರಲ್ಲಿ ಟ್ರ್ಯಾಕ್ಟರ್ ಇದ್ದವರೇ ಕಾರ್ಡು ಬಿಟ್ಟಿರಲಿಲ್ಲ. ನಾನು ನಕ್ಕೆ. ಆದರೂ ಕೊಟ್ಟು ಬಂದೆ, ಎಪಿಎಲ್ ಮಾಡಿಸಿದೆ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಹೆಮ್ಮೆಯಿತ್ತು. ಬಡವರ ಪಟ್ಟಿಯಿಂದ ಹೊರಬಂದೆವೆಂದು ಅವತ್ತು ಅವ್ವ ಸಿಹಿಗೆ ಸಜ್ಜಕ ಮಾಡಿದ್ದಳು.

ಅರವತ್ತು ದಾಟಿದ ಮೇಲೆ ಅವಳಿಗೆ ನಾಲ್ಕು ಹೆಜ್ಜೆಗೆ ದಮ್ಮು ಹತ್ತತೊಡಗಿತು. ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಮಾಡಿ ಬದಲಿಸಬೇಕು, ಬಹಳ ತಡ ಮಾಡಬೇಡಿ ಎಂದರು ಹುಬ್ಬಳ್ಳಿಯ ಡಾಕ್ಟರು. ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಯ ಮೇಜಿಗೆ ಹೋದೆವು. ಅಲ್ಲಿದ್ದ ಹುಡುಗಿ ನಮ್ಮ ಕಾರ್ಡು ನೋಡಿ ದನಿ ಇಳಿಸಿದಳು.

"ಅಕ್ಕಾರ, ಬಿಪಿಎಲ್ ಇದ್ರ ಪೂರಾ ಫ್ರೀ ಆಗ್ತಿತ್ರಿ. ನಿಮ್ಮದು ಎಪಿಎಲ್. ನೂರಕ್ಕ ಮೂವತ್ತ ಸರಕಾರ ಕೊಡ್ತೈತಿ, ಉಳಿದದ್ದ ನೀವ ಹಾಕಬೇಕ್ರಿ."

ಉಳಿದದ್ದು ಎಂದರೆ ಹೆಚ್ಚೂಕಡಿಮೆ ನನ್ನ ಒಂದು ವರ್ಷದ ಪಗಾರ. ನೀವು ಬಡವರಲ್ಲ ಎಂದು ಒಬ್ಬರು ಅಷ್ಟು ಮರ್ಯಾದೆಯಿಂದ ಹೇಳಿದರೆ ಅಳು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಸಾಲ ಮಾಡುತ್ತೇನೆ ಎಂದೆ. ಹಾಗೇನಾದರೂ ಮಾಡಿದರೆ ಗುಳಿಗೆ ನುಂಗುವುದನ್ನೇ ಬಿಡುತ್ತೇನೆ ಎಂದು ಅವ್ವ ಬರುವಾಗ ಬಸ್ಸಿನಲ್ಲೇ ಹಟ ಹಿಡಿದಳು.

ದಾರಿ ತೋರಿಸಿದವನು ಸಂಶಿಯ ಕಂಪ್ಯೂಟರ್ ಸೆಂಟರಿನವನು. "ನಿಮ್ಮ ಕಾರ್ಡಿನ್ಯಾಗಿಂದ ಅವ್ವಾರ ಹೆಸರ ತಗಸ್ರಿ. ಅವರಿಗೆ ಬ್ಯಾರೆ ಬಿಪಿಎಲ್ ಕಾರ್ಡಿಗೆ ಅರ್ಜಿ ಹಾಕೂಣು. ಬ್ಯಾರೆ ಒಲಿ ಐತಿ ಅಂತ ಬರದ್ರ ಆತು. ತಲಾಟಿ ಬಂದ ನೋಡಿ ಹೋಗ್ತಾರ. ಎಲ್ಲಾರೂ ಹಿಂಗ ಮಾಡೂದ್ರಿ."

ನನಗದು ಬರೀ ಕಾಗದದ ಮಾತಾಗಿ ಕಂಡಿತು. ಹೆಸರು ತೆಗೆಸುವುದಕ್ಕೂ ಹೊಸ ಅರ್ಜಿಗೂ ನಿಂತಲ್ಲೇ ಸಹಿ ಮಾಡಿದೆ.

ನಮ್ಮ ಕಡೆ 'ಬ್ಯಾರೆ' ಎಂಬುದು ಸಣ್ಣ ಮಾತಲ್ಲ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದಂತಾಗಿ ಹಂಡೆ ಭಾಂಡೆ ಪಾಲು ಮಾಡಿಕೊಂಡಾಗ 'ಬ್ಯಾರೆ ಆದ್ರು' ಎನ್ನುತ್ತಾರೆ. ಮನೆಗೆ ಬಂದು ವಿಷಯ ಹೇಳಿದರೆ ಅವ್ವ ಜೋಳ ಹಸನು ಮಾಡುತ್ತಿದ್ದ ಮರವನ್ನು ಕೆಳಗಿಟ್ಟಳು.

"ನಾ ನಿನ್ನಿಂದ ಬ್ಯಾರೆ ಆದ್ನಿ ಅಂತ ಬರಸಿದೇನು?"

"ಕಾಗದದಾಗ ಅಷ್ಟ ಬೇ," ಎಂದೆ.

ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಹಿತ್ತಲಲ್ಲಿ ಒಲೆ ಎದ್ದಿತ್ತು. ತೋರಿಸುವುದಕ್ಕಿರಬೇಕು ಎಂದುಕೊಂಡೆ. ಅವ್ವ ಇಷ್ಟು ಜಾಣೆಯೇ ಎಂದು ನಗುವೂ ಬಂತು.

ಆ ವಾರವೇ ತಲಾಟಿ, ಅಂದರೆ ಊರಿನ ಗ್ರಾಮಲೆಕ್ಕಿಗರು, ಬಂದರು. ಒಳ್ಳೆಯ ಮನುಷ್ಯ, ಒಲೆಯ ಫೋಟೋ ತೆಗೆದುಕೊಂಡು ಕೇಳಿದರು. "ಯವ್ವಾ, ನೀವು ಬ್ಯಾರೆನ ಅಡಗಿ ಮಾಡ್ಕೋತೀರೇನ್ರಿ?"

"ಹೌದ್ರಿ," ಎಂದಳು ಅವ್ವ.

ಸಂಜೆ ತಾಟು ಹಾಕಿ ಕರೆದೆ. ಬರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಅವಳು ಅಲ್ಲೇ ರೊಟ್ಟಿ ಬಡಿಯುತ್ತಿದ್ದಳು.

"ಹೌದು ಅಂದೇನಿ. ಇನ್ನ ಹಂಗ ನಡೀಬೇಕು. ಸುಳ್ಳ ಹೇಳಿ ಉಳಿಸಿಕೊಂಡ ಜೀವ ನನಗ ಬ್ಯಾಡ."

"ಹೊಗಿ ನಿನ್ನ ಎದಿಗೆ ಆಗಂಗಿಲ್ಲ ಬೇ! ತಲಾಟಿ ದಿನಾ ಬಂದು ನೋಡ್ತಾರೇನು?"

"ತಲಾಟಿ ನೋಡೂದಿಲ್ಲ. ನಾ ನೋಡ್ತೇನಲ್ಲ."

ಸಿಟ್ಟಿಗೆ ನಾನು ಎರಡು ದಿನ ಮಾತು ಬಿಟ್ಟೆ.

ಮೂರನೇ ದಿನ ಅವ್ವ ಒಂದು ಬಟ್ಟಲು ಪುಂಡಿಪಲ್ಯ ಹಿಡಿದು ನನ್ನ ಅಡುಗೆಮನೆಯ ಹೊಸ್ತಿಲ ಆಚೆ ನಿಂತಳು. "ಬಾಜೂ ಮನಿಯಾಕಿ ಕೊಟ್ಟಾಳ ಅಂತ ತಿಳದ ತಗೋ," ಎಂದಳು. ನಾನು ನಕ್ಕೆ, ಆಮೇಲೆ ಅತ್ತೆ. ನೆರೆಮನೆಯ ಬಟ್ಟಲನ್ನು ಖಾಲಿ ತಿರುಗಿ ಕೊಡುವ ರೂಢಿ ನಮ್ಮಲ್ಲಿಲ್ಲ. ಅದೇ ನೆಪವಾಯಿತು. ಬಟ್ಟಲು ತುಂಬ ಅನ್ನ ಸಾರು ಹಾಕಿ ಕೊಟ್ಟೆ, ಅವಳು ತೆಗೆದುಕೊಂಡಳು. ಅಲ್ಲಿಂದ ಮುಂದೆ ಆ ಬಟ್ಟಲು ದಿನಾ ಹೋಗಿ ಬಂದು ಮಾಡಿತು. ರೊಟ್ಟಿ ಮಾತ್ರ ಅವಳದು ಅವಳೇ ಬಡಿದಳು.

ಅರ್ಜಿ ಎಲ್ಲಿಗೆ ಬಂತೆಂದು ನಾನು ಶಾಲೆ ಬಿಟ್ಟ ಮೇಲೆ ಸೆಂಟರಿಗೆ ಹೋಗಿ ಕೇಳುತ್ತಿದ್ದೆ. "ಇನ್ನೂ ಮಂಜೂರ ಆಗಿಲ್ರಿ ಅಕ್ಕಾರ," ಎನ್ನುತ್ತಿದ್ದ. ಹಿಂಗಾರಿಯ ಬಿತ್ತನೆ ಮುಗಿಯಿತು, ಕಡಲೆ ಹೂ ಬಿಟ್ಟಿತು, ಅವನ ಮಾತು ಬದಲಾಗಲಿಲ್ಲ. ಅವ್ವನ ಕಾಲುಗಳು ಬಾತುಕೊಳ್ಳುತ್ತಿದ್ದವು. ಸಾಲ ತರುತ್ತೇನೆ ಎಂದು ಮತ್ತೆ ಹೇಳಿದೆ. ಕಾರ್ಡು ಬರುತ್ತದೆ, ತಡಿ ಎಂದಳು.

ಒಂದು ಮುಂಜಾನೆ ನಾನು ಬಸ್ಸಿಗೆ ತಯಾರಾಗುತ್ತಿದ್ದಾಗ ರೊಟ್ಟಿ ಹೊತ್ತಿದ ವಾಸನೆ ಬಂತು. ಅವ್ವ ರೊಟ್ಟಿ ಹೊತ್ತಿಸಿದವಳಲ್ಲ. ಓಡಿ ಹೋದೆ. ಅವಳು ಹಿತ್ತಲ ಗೋಡೆಗೆ ಒರಗಿ ಕೂತಿದ್ದಳು, ಕೈಗೆ ಹಿಟ್ಟು ಮೆತ್ತಿತ್ತು. ಆಂಬ್ಯುಲೆನ್ಸಿನವರು ಬಂದು ನಾಡಿ ಹಿಡಿದು ನೋಡಿ ಕೈ ಬಿಟ್ಟರು.

ಕಾರ್ಡು ಮಂಜೂರಾಗಿದ್ದು ತಿಂಗಳ ಮೇಲೆ. ಸೆಂಟರಿನವನು ಪ್ರಿಂಟು ತೆಗೆದು ಕೊಟ್ಟ. ಅವ್ವನ ಫೋಟೋ, ಅವ್ವನ ಹೆಸರು, ಕುಟುಂಬದ ಸದಸ್ಯರು ಒಬ್ಬರು. ಮರಣದ ದಾಖಲೆ ಜೊತೆಗೆ ಅದನ್ನು ತಲಾಟಿಯವರ ಕೈಗೆ ಕೊಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಇದನ್ನ ರದ್ದ ಮಾಡಸ್ತೇನ್ರಿ," ಎಂದರು. "ನಿಮ್ಮ ಕಾರ್ಡಿನ್ಯಾಗ ಅವ್ವಾರ ಹೆಸರ ಇದ್ರ ಅದನ್ನೂ ತಗಸಿ ಬಿಡ್ರಿ."

ಆ ಕೆಲಸ ಅವಳು ಇದ್ದಾಗಲೇ ನಾನು ಮುಗಿಸಿದ್ದೆ.